ಕಾರಿಗೆ ಸುಳಿ ನೋಡಿದ ದುಂಡಪ್ಪ

ಹಳೆಯ ಕಾರು ಪರೀಕ್ಷೆ ಮಾಡಲು ಕರೆದರೆ ದುಂಡಪ್ಪ ಕಾಕಾ ಮೊದಲು ಅದರ ಹಿಂದೆ ಹೋಗಿ ನಿಲ್ಲುತ್ತಿದ್ದ. ಒಂದು ಕಣ್ಣು ಮುಚ್ಚಿ ನಡುವಿನ ಅಗಲ ಅಳೆಯುತ್ತಿದ್ದ. ಪಕ್ಕೆಗೆ ಫಟ್ಟನೆ ಒಂದು ಬಾರಿಸಿ, ಎಲ್ಲಿ ಒದೆಯುತ್ತದೋ ಎಂಬಂತೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಆಮೇಲೆ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತು, ಜಾಲರಿಯ ಕಂಬಿಗಳನ್ನು ಹಲ್ಲಿನಂತೆ ಎಣಿಸಿ, "ಬಾಯಿಗೂಡಿ ವಯಸ್ಸಾಗೇತಿ, ಆದರ ಇನ್ನೂ ಕಸುವೈತಿ" ಎಂದು ತೀರ್ಪು ಕೊಡುತ್ತಿದ್ದ. ಬಣ್ಣ ಸುಲಿದ ಕಡೆಯೆಲ್ಲ ಬೆರಳಾಡಿಸಿ ಕೆಟ್ಟ ಸುಳಿ ಹುಡುಕುತ್ತಿದ್ದ. ಬಾನೆಟ್ ಎತ್ತಿ ಒಳಗೆ ಇಣುಕಿದ್ದನ್ನು ಮಾತ್ರ ನಾನು ಒಮ್ಮೆಯೂ ಕಂಡಿಲ್ಲ.

ಅವನು ಮೂಲತಃ ದನದ ದಲಾಲ. ವಿಜಾಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇದ್ದ. ಆ ಕಸುಬಿನಲ್ಲಿ ಅವನನ್ನು ಮೀರಿಸಿದವರಿರಲಿಲ್ಲ, ಇದನ್ನು ಒಪ್ಪದಿದ್ದರೆ ನನ್ನ ಬಾಯಿಗೆ ಹುಳ ಬಿದ್ದಾವು. ಮಮದಾಪುರದವನೊಬ್ಬ ಬಡಕಲು ಹೋರಿಗೆ ಉಪ್ಪು ನೆಕ್ಕಿಸಿ, ಹೊಟ್ಟೆ ತುಂಬ ನೀರು ಕುಡಿಸಿ, ಮೈತುಂಬಿದಂತೆ ಕಾಣಿಸಿ ಸಂತೆಯಲ್ಲಿ ನಿಲ್ಲಿಸಿದ್ದ. ಕಾಕಾ ಹತ್ತು ಹೆಜ್ಜೆ ದೂರದಿಂದಲೇ ಕೂಗಿದ: "ಯಪ್ಪಾ, ಹೋರಿ ಮಾರಾಕ ಬಂದೀಯೋ, ನೀರಿನ ಕೊಡ ಮಾರಾಕ ಬಂದೀಯೋ? ಸಂಜೀತನಕ ಇಲ್ಲೇ ನಿಂದ್ರಸು. ಉಚ್ಚಿ ಹೊಯ್ದ ಮ್ಯಾಲೆ ವ್ಯಾಪಾರ ಮಾಡೂಣು." ಇಡೀ ಸಂತೆ ನಕ್ಕಿತು. ಮಾರುವವನು ಹೋರಿ ಹೊಡೆದುಕೊಂಡು ಊರಿನ ದಾರಿ ಹಿಡಿದ.

ಅಷ್ಟಕ್ಕೇ ನಿಂತಿದ್ದರೆ ಅವನು ದೊಡ್ಡ ಮನುಷ್ಯ. ಆದರೆ ಅರವತ್ತರ ದಶಕದಲ್ಲಿ ನಮ್ಮ ಕಡೆಗೂ ಹಳೆಯ ಸಣ್ಣ ಪೆಟ್ರೋಲ್ ಕಾರುಗಳ ವ್ಯಾಪಾರ ಶುರುವಾಯಿತು. ತಿಳಿದವರು ಕಡಿಮೆ, ಕೊಳ್ಳುವವರು ಹೆಚ್ಚು. ಗಾದಿ ಖಾಲಿ ಕಂಡಲ್ಲಿ ಕೂಡುವ ಕಾಕಾ ಅಲ್ಲಿಯೂ ಹೋಗಿ ಕುಳಿತ.

ನಾನು ಹಳೆಯ ಎಣ್ಣೆ ಇಂಜಿನುಗಳನ್ನು ಕೊಂಡು, ಬಿಚ್ಚಿ ಸರಿಮಾಡಿ, ಬಬಲೇಶ್ವರ, ಜೈನಾಪುರದ ಬಾವಿಗಳಿಗೆ ಮಾರಿ ಮೇಲೆ ಬಂದವನು. ನನಗೆ ಯಾರೂ ಕಲಿಸಲಿಲ್ಲ, ಮೋಸಹೋಗಿ ಕಲಿತೆ. ಅದಕ್ಕೇ ಹೇಳುತ್ತೇನೆ, ಬೇಕಾದವರು ಬರೆದಿಟ್ಟುಕೊಳ್ಳಲಿ. ಹಳೆಯ ಕಾರು ನೋಡಲು ಹೇಳದೆ ಕೇಳದೆ ಹೋಗಬೇಕು, ಮುಂಜಾನೆ ಹೋಗಬೇಕು. ಮೊದಲು ಬಾನೆಟ್ ಮೇಲೆ ಅಂಗೈ ಇಡಬೇಕು. ಇಂಜಿನ್ ತಣ್ಣಗಿರುವಾಗ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುವಿ ಹೊಡೆದರೆ ಎಷ್ಟನೆಯ ಸಲಕ್ಕೆ ಏಳುತ್ತದೆ, ಎದ್ದಾಗ ಹಿಂದೆ ಎಂಥ ಹೊಗೆ ಬಿಡುತ್ತದೆ, ಇವೆರಡು ಸುಳ್ಳು ಹೇಳುವುದಿಲ್ಲ. ಹೊಗೆ ನೀಲಿಯಾಗಿದ್ದರೆ ಇಂಜಿನ್ ಎಣ್ಣೆ ಕುಡಿಯುತ್ತಿದೆ ಎಂದರ್ಥ, ನಮಸ್ಕಾರ ಹೇಳಿ ಬಂದುಬಿಡಿ. ಮಾರುವವನು ಬೆರಕಿಯಾದರೆ ನೀವು ಬರುವ ಮೊದಲೇ ಓಡಿಸಿ ಬಿಸಿ ಮಾಡಿ, ಒಳಗೆ ದಪ್ಪ ಎಣ್ಣೆ ಸುರಿದು, ಸದ್ದು ಹೊಗೆ ಎರಡನ್ನೂ ಅಡಗಿಸಿ ನಿಲ್ಲಿಸಿರುತ್ತಾನೆ. ಹೋರಿಗೆ ನೀರು ಕುಡಿಸಿ ನಿಲ್ಲಿಸಿದ ಹಾಗೆಯೇ.

ಟಿಕೋಟಾದ ಶಿವಪ್ಪ ಮಾವ, ನನ್ನ ಅಕ್ಕನ ಗಂಡ, ಕಾರು ಕೊಂಡು ಬಾಡಿಗೆಗೆ ಓಡಿಸಬೇಕೆಂದು ಹಟ ಹಿಡಿದ. ಡ್ರೈವಿಂಗ್ ಕಲಿತಿದ್ದ. ಹೊಲ ತಮ್ಮನಿಗೆ ಬಿಟ್ಟು, ತನ್ನ ಜೋಡಿ ಎತ್ತು ನೆರೆಯವನಿಗೆ ಮಾರಿದ. ಕಾರು ಕೈಕೊಟ್ಟರೆ ಎತ್ತೂ ಇಲ್ಲ, ಬದುಕೂ ಇಲ್ಲ. ಆ ಎತ್ತುಗಳನ್ನು ಹಿಂದೆ ಆರಿಸಿ ಕೊಟ್ಟವನು ದುಂಡಪ್ಪ ಕಾಕಾ. ಎತ್ತು ಒಳ್ಳೆಯವು ಬಂದವೆಂದು ಮಾವ ಕಾರಿಗೂ ಅವನನ್ನೇ ಕರೆದ, ನಾನೂ ಜೊತೆಗೆ ಹೋದೆ.

ಮಾರುವವ ಒಬ್ಬ ಗುತ್ತಿಗೆದಾರ. ಹಸಿರು ಕಾರು ಬೇವಿನ ನೆರಳಲ್ಲಿ ನಿಂತಿತ್ತು. ಕಾಕಾ ಹಲ್ಲು ಎಣಿಸುತ್ತಿದ್ದಾಗ ನಾನು ಬಾನೆಟ್ ಮೇಲೆ ಅಂಗೈ ಇಟ್ಟೆ. ರೊಟ್ಟಿ ಸುಡಬಹುದಿತ್ತು.

"ಕಾಕಾ, ಕೈ ಸುಡಾಕತ್ತೈತಿ. ಈಗಷ್ಟ ಓಡಿಸಿ ನಿಂದ್ರಿಸ್ಯಾರ. ನಾಳಿ ಮುಂಜಾನೆ ತಣ್ಣಗಾದ ಮ್ಯಾಲೆ ಬಂದು ನೋಡೂಣು."

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಲೇ ತಮ್ಮಾ, ಜೀವ ಇದ್ದದ್ದರ ಮೈ ಬೆಚ್ಚಗಿರತೈತೋ ಇಲ್ಲೋ? ತಣ್ಣಗಿತ್ತಂದ್ರ ಸತ್ತದ್ದು! ಸತ್ತ ದನ ಕೊಂಡ್ಕೊ ಅಂತಾನ್ರಿ ಈ ಶಾಣ್ಯಾ!"

ನೆರೆದವರೆಲ್ಲ ಹೋ ಎಂದು ನಕ್ಕರು. ಗುತ್ತಿಗೆದಾರ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಮತ್ತೆ ಬಾಯಿ ತೆರೆದಾಗ ಮಾವನೇ, "ಸುಮ್ಮನಿರೋ ಮಲ್ಲೂ, ಕಾಕಾಗ ತಿಳಿಯೂದಿಲ್ಲೇನು?" ಅಂದ. ಕಾಕಾ ಹೆಗಲ ಮೇಲಿನ ವಲ್ಲಿ ಹಾಸಿ, ಅದರ ಕೆಳಗೆ ಗುತ್ತಿಗೆದಾರನ ಬೆರಳು ಹಿಡಿದು, ಸಂತೆಯ ಪದ್ಧತಿಯಂತೆ ವ್ಯಾಪಾರ ಮುಗಿಸಿದ.

ಮೂರನೆಯ ದಿನ ಮೊದಲ ಬಾಡಿಗೆ. ಟಿಕೋಟಾದಿಂದ ಮದುಮಗನನ್ನು ಬಬಲೇಶ್ವರಕ್ಕೆ ಒಯ್ಯಬೇಕು. ಮುಂಜಾನೆಯ ತಂಪಿನಲ್ಲಿ ಹ್ಯಾಂಡಲ್ ಹೊಡೆದು ಹೊಡೆದು ಮಾವನ ರಟ್ಟೆ ಬಿದ್ದುಹೋಯಿತು, ಕಾರು ಏಳಲಿಲ್ಲ. ದಿಬ್ಬಣದವರೇ ನೂಕಿದರು. ಎದ್ದದ್ದೇ ನೀಲಿ ಹೊಗೆ ಬಿಟ್ಟಿತು, ಅದರಲ್ಲಿ ಮದುಮಗನ ಬಾಸಿಂಗ ಕಾಣದಾಯಿತು. ಹತ್ತಿಯ ಹೊಲಗಳ ನಡುವೆ ಏರು ಬಂದಲ್ಲಿ ಒಮ್ಮೆ ಕೆಮ್ಮಿ ನಿಂತಿತು. ಮದುಮಗ ಚಕ್ಕಡಿ ಹತ್ತಿ ಹೋದ. ಕಾರನ್ನು ಊರಿಗೆ ಎಳೆದು ತರಲು ನೆರೆಯವ ಎತ್ತು ಹೊಡೆದುಕೊಂಡು ಬಂದ. ಮಾವ ಮಾರಿದ ಅದೇ ಜೋಡಿ. ಸ್ಟಿಯರಿಂಗ್ ಹಿಡಿದು ಕುಳಿತ ಮಾವ ಟಿಕೋಟಾ ಮುಟ್ಟುವತನಕ ತಲೆ ಎತ್ತಲಿಲ್ಲವಂತೆ.

ನಾನು ಚಹಾದಂಗಡಿಯಲ್ಲಿ ಕಾಕಾನನ್ನು ಹಿಡಿದು ಕೇಳಿದೆ. ಅವನು ಬಶಿಯಲ್ಲಿ ಚಹಾ ಸುರಿದುಕೊಂಡು ಸೊರ್ ಎಂದು ಎಳೆದ. "ಎಳಕೊಂಡು ಬಂದ ಎತ್ತ ಯಾರು ಆರಿಸಿದ್ದು? ನಾನಽ ಹೌದಲ್ಲೋ? ನಡುವ ಎಲ್ಲೆರ ಕುಸದಾವೇನು?"

ತಿಳಿಯದವನನ್ನು ಕ್ಷಮಿಸಬಹುದು. ಅದೇ ಮೋಸವನ್ನು ದನದಲ್ಲಿ ಹತ್ತು ಹೆಜ್ಜೆಯಿಂದ ಹಿಡಿದವನು, ಕಬ್ಬಿಣದಲ್ಲಿ ನಾನು ಮುಟ್ಟಿ ಹೇಳಿದರೂ ಹಿಡಿಯಲಿಲ್ಲ. ಹಿಡಿಯದ್ದಕ್ಕೆ ನಾಚಲೂ ಇಲ್ಲ. ಮಾವ ಕಾರನ್ನು ಬಿಡಿ ಬಿಡಿಯಾಗಿ ಮಾರಿ, ಇನ್ನೊಬ್ಬರ ಲಾರಿಗೆ ಡ್ರೈವರ್ ಆದ. ಕೊನೆಯತನಕ ಅದೇ ಕೆಲಸ.

ಕೆಲವು ವರ್ಷಗಳ ಮೇಲೆ ಕಾಕಾ ತೀರಿಕೊಂಡ. ಮಾವ ಲಾರಿ ನಿಲ್ಲಿಸಿ ಬಂದ, ಹೂವಿನ ಮಾಲೆ ತಂದಿದ್ದ. "ಎತ್ತ ಮಾತ್ರ ಛಲೋ ಕೊಡಿಸಿದ್ದ, ಮಲ್ಲೂ," ಅಂದು ಕಣ್ಣು ಒರೆಸಿಕೊಂಡ. ನನಗೆ ಅಳು ಬರಲಿಲ್ಲ. ಗೋಡೆಗೆ ಒರಗಿಸಿ ಕೂಡಿಸಿದ್ದ ಕಾಕಾನ ಹಣೆಯ ಮೇಲೆ ನನ್ನ ರೂಢಿಯಂತೆ ಅಂಗೈ ಇಟ್ಟೆ. ತಣ್ಣಗಿತ್ತು. ದನ ಬಿಟ್ಟು ಬೇರೆ ವಿಷಯದಲ್ಲಿ ಅವನ ಪರೀಕ್ಷೆ ಸರಿಬಂದದ್ದು ಅದೊಂದೇ ಸಲ.