ಅಣ್ಣ ಬಿಗಿದ ಬೆಲ್ಟ್

ಅಣ್ಣ ತೀರಿಕೊಂಡ ಮೇಲೆ ಅವನ ವ್ಯಾನ್ ನನ್ನ ಕೈಗೆ ಬಂತು. ತೊಂಬತ್ತರ ದಶಕದ ಕೊನೆಯ ಮಾತು. ಕಲಬುರಗಿಯಿಂದ ಕಮಲಾಪುರಕ್ಕೆ ಸೀಟು ತುಂಬಿಸಿಕೊಂಡು ಹೋಗುವುದು, ಅಲ್ಲಿಂದ ಜನರನ್ನೂ ಬಾಳೆಗೊನೆಗಳನ್ನೂ ತರುವುದು ಅವನ ಕೆಲಸವಾಗಿತ್ತು. ಕಾಮಾಲೆ ಒಂದೇ ಮಳೆಗಾಲದಲ್ಲಿ ಅವನನ್ನು ಕರಗಿಸಿಬಿಟ್ಟಿತು.

ಹಾಸಿಗೆ ಹಿಡಿಯುವ ಮುಂಚೆ ಎಂಜಿನ್ನಿನ ಹಲ್ಲುಳ್ಳ ರಬ್ಬರ್ ಪಟ್ಟಿಯನ್ನು, ಟೈಮಿಂಗ್ ಬೆಲ್ಟನ್ನು, ಅವನೇ ಬಿಗಿ ಮಾಡಿದ್ದ. ಸಡಿಲವಿದ್ದರೆ ಜಾರುತ್ತದೆ, ಬಿಗಿದಷ್ಟೂ ಗಟ್ಟಿ ಎಂದು ನಮ್ಮ ಸ್ಟ್ಯಾಂಡಿನ ಡ್ರೈವರುಗಳ ನಂಬಿಕೆ. ಹಗ್ಗ ಬಿಗಿದು ಹೇರು ಕಟ್ಟಿದವರಲ್ಲವೇ ನಾವೆಲ್ಲ. ಅಂದಿನಿಂದ ವ್ಯಾನ್ ಓಡುವಾಗ ಸಣ್ಣಗೆ ಕುಂಯ್ ಎನ್ನುತ್ತಿತ್ತು. ಕಮಲಾಪುರದ ಒಬ್ಬ ಮುದುಕಿ ಹತ್ತುವಾಗೆಲ್ಲ, “ನಿನ್ನ ಗಾಡಿ ತವರು ಬಿಟ್ಟ ಹೊಸಾ ಸೊಸಿ ಇದ್ದಂಗದ, ದಾರಿ ತುಂಬ ಅಳ್ತದ” ಎಂದು ಎಲ್ಲರನ್ನೂ ನಗಿಸುತ್ತಿದ್ದಳು.

ಶಹಾಬಜಾರದ ನಮ್ಮ ಗಲ್ಲಿಯಲ್ಲಿ ಆ ಸದ್ದು ಕೇಳಿದರೆ ಅವ್ವ ಬಾಗಿಲಿಗೆ ಬರುತ್ತಿದ್ದಳು. ಅಣ್ಣ ಹೋದ ಮೇಲೂ ಬಂದಳು. ನಾನು ಕೆಳಗಿಳಿಯುವ ತನಕ ಅವಳ ಮುಖ ಬೇರೆಯೇ ಇರುತ್ತಿತ್ತು. ಆಮೇಲೆ, “ನೀನಾ? ಬಾ, ಕೈಕಾಲು ತೊಳಕೋ” ಅನ್ನುತ್ತಿದ್ದಳು.

ಸೇಡಂ ರಸ್ತೆಯಲ್ಲಿ ಗಾಡಿ ರಿಪೇರಿ ಮಾಡುವ ಮಿಸ್ತ್ರಿ ಒಂದು ದಿನ ಎಂಜಿನ್ನಿಗೆ ಕಿವಿಗೊಟ್ಟ.

“ಛೋಟೆ, ಇದು ಅತೀ ಬಿಗಿ ಆಗ್ಯದ. ಬೆಲ್ಟ್ ಹಳೇದು ಬ್ಯಾರೆ. ಬದಲಿ ಮಾಡಿಬಿಡು.”

“ಇನ್ನೂ ಎಷ್ಟು ದಿನ ಬರ್ತದ್ರೀ?”

“ನಾಳೆ ಹರೀಬಹುದು, ಯುಗಾದಿ ತನಕ ಬರಬಹುದು. ಅದೇನು ಹೇಳಿ ಹರೀತದೇನು? ಹರಿದ್ರ ಗಾಡಿ ನಿಂತಲ್ಲೇ ನಿಲ್ತದ.”

ಮನೆಯಲ್ಲಿ ಹೇಳಿದೆ. ಹೊಸ ಬೆಲ್ಟ್ ಹಾಕಿದರೆ ಸದ್ದು ಹೋಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಲೇ, “ಅವ ಬಿಗಿದ ನಟ್ಟು ಬಿಚ್ಚಬ್ಯಾಡ. ಅವನ ವರ್ಷದ ತಿಥಿ ಆಗ್ಲಿ, ಆಮ್ಯಾಲೆ ಏನರ ಮಾಡ್ಕೋ” ಅಂದಳು. ನಮ್ಮಲ್ಲಿ ಹೋದವರ ಹಾಸಿಗೆ, ಬಟ್ಟೆಗಳನ್ನು ಕೊಟ್ಟುಬಿಡುತ್ತಾರೆ. ಅವ್ವ ಎಲ್ಲವನ್ನೂ ಕೊಟ್ಟಿದ್ದಳು. ಉಳಿದದ್ದು ಆ ಸದ್ದೊಂದೇ.

ಬೆಲ್ಟ್ ಬದಲಿಸಲಿಲ್ಲ. ಆದರೆ ದಾರಿಯಲ್ಲಿ ಏರು ಬಂದರೆ ಉಸಿರು ಹಿಡಿಯುತ್ತಿದ್ದೆ. ಹಿಂದೆ ಕೂತವರು ಜೋಳದ ಧಾರಣೆ ಮಾತಾಡುತ್ತಿದ್ದರೆ, ನನ್ನ ಕಿವಿ ಕಾಲಡಿಯ ಎಂಜಿನ್ನಿನಲ್ಲೇ ಇರುತ್ತಿತ್ತು.

ಹೀಗಿರುವಾಗ ಕಮಲಾಪುರದ ಕಿರಾಣಿ ಅಂಗಡಿಯವರು ವ್ಯಾನಿನ ಹತ್ತಿರ ಬಂದರು. “ತಮ್ಮಾ, ಮಗಳಿಗೆ ದಿನ ತುಂಬ್ಯಾವ. ಡಾಕ್ಟ್ರು ಕಲಬುರಗಿಗೇ ತರ್ರಿ ಅಂದಾರ. ಯಾವಾಗ ಫೋನ್ ಮಾಡಿದ್ರೂ ನಿನ್ನ ಗಾಡೀನೇ ಬರ್ಬೇಕು. ನಿಮ್ಮಣ್ಣ ಇದ್ದಾಗಿಂದ ನಂಬಿಗಿ ನಮಗ.”

ಆಗಲಿ ಅಂದೆ. ವಾಪಸು ಬರುವಾಗ ಒಂದು ಗುಡಿಸಲೂ ಇಲ್ಲದ ಕಡೆಯಲ್ಲೆಲ್ಲ ನನ್ನ ವ್ಯಾನ್ ನಿಂತಿರುವಂತೆ, ಒಳಗೆ ಆ ಹುಡುಗಿ ನರಳುತ್ತಿರುವಂತೆ ಕಾಣತೊಡಗಿತು. ಮನೆಗೆ ಹೋಗದೆ ನೇರ ಮಿಸ್ತ್ರಿಯ ಹತ್ತಿರ ಹೋದೆ.

ಬಿಚ್ಚಿದ ಬೆಲ್ಟನ್ನು ಅವನು ನನ್ನ ಕೈಗೆ ಕೊಟ್ಟ. ಹಲ್ಲುಗಳ ಬುಡದಲ್ಲಿ ಸೀಳುಗಳಿದ್ದವೋ, ನನಗೇ ಹಾಗೆ ಕಾಣಬೇಕಿತ್ತೋ, ಇವತ್ತಿಗೂ ಹೇಳಲಾರೆ.

ಸಂಜೆ ಗಲ್ಲಿಗೆ ತಿರುಗಿದಾಗ ಎಂಜಿನ್ ಮೆತ್ತಗೆ ಓಡುತ್ತಿತ್ತು. ಬಾಗಿಲು ತೆರೆಯಲಿಲ್ಲ. ಇಳಿದು ಹೋಗಿ ಬಡಿದೆ.

“ಯಾರ್ರೀ?” ಒಳಗಿನಿಂದ ಅವ್ವನ ದನಿ. “ಮನ್ಯಾಗ ಗಂಡಸ್ರು ಯಾರೂ ಇಲ್ರೀ.”

ಇನ್ನೊಮ್ಮೆ ಬಡಿದೆ.