ಚುಕ್ಕೆಗಳ ಹಿಂದಿನ ಬೈಗುಳ

ಚಾಂದ್‌ಖೇಡಾದ ತೈಲ ಕಂಪನಿ ಕಾಲೊನಿಯಲ್ಲಿ ಬಾಲಕೃಷ್ಣನೊಡನೆ ಜಗಳವಾಡದ ಮನುಷ್ಯನಿಲ್ಲ. ಹಾಲಿನವನೊಡನೆ ನೀರಿನ ವಿಷಯಕ್ಕೆ, ಕಾವಲುಗಾರನೊಡನೆ ಸೀಟಿಯ ವಿಷಯಕ್ಕೆ, ಹೆಂಡತಿ ವೈದೇಹಿಯೊಡನೆ ವಿಷಯವೇ ಇಲ್ಲದೆ ಕಾದಾಡಬಲ್ಲ ವೀರ ಅವನು. ಆದರೆ ಅವೆಲ್ಲ ಕೈ ಸಡಿಲಿಸುವ ಸಾಮು. ಅವನು ಹುಟ್ಟಿದ್ದೇ ಎರಡು ಮಹಾಯುದ್ಧಗಳಿಗಾಗಿ: ಒಂದು ವಿಂಡೋಸ್ ಮೇಲೆ, ಇನ್ನೊಂದು ಗೆಳೆಯ ಹನುಮಂತನ ಮೇಲೆ.

ಬಾಗಲಕೋಟೆಯ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಮೊಣಕೈಯಿಂದ ತಿವಿದಾಡಿದ ಈ ಇಬ್ಬರನ್ನೂ ಕಂಪನಿ ಗುಜರಾತಿನ ಒಂದೇ ಕಾಲೊನಿಗೆ ತಂದು ಹಾಕಿತ್ತು. ಕನ್ನಡ ಸಂಘ ಒಂದೇ ಜಮಖಾನೆಯ ಮೇಲೆ ಕೂರಿಸಿತ್ತು. ತಿವಿತ ನಿಂತಿರಲಿಲ್ಲ.

ಕಂಪನಿ ತನ್ನ ಹಳೆಯ ಕಂಪ್ಯೂಟರುಗಳನ್ನು ಸಂಘಕ್ಕೆ ದಾನ ಕೊಟ್ಟಾಗ ಬಾಲಕೃಷ್ಣ ಯಾರನ್ನೂ ಕೇಳದೆ ಅವಕ್ಕೆಲ್ಲ ವಿಂಡೋಸ್ ಬಿಡಿಸಿ ಲಿನಕ್ಸ್ ದೀಕ್ಷೆ ಕೊಟ್ಟ. ಮೆನು ಕನ್ನಡ, ಗಡಿಯಾರ ಕನ್ನಡ, ಕೀಲಿಮಣೆಯೂ ಕನ್ನಡ: ಇಂಗ್ಲಿಷಿನ ಬಿ ಒತ್ತಿದರೆ ಬ, ಎಲ್ ಒತ್ತಿದರೆ ಲ. ವೈಫೈ ಮಾತ್ರ ಹತ್ತಲಿಲ್ಲ. ಬಾಲಕೃಷ್ಣ ಪುಟ್ಟ ಆಂಟೆನಾದ ಕಡ್ಡಿಯೊಂದನ್ನು ಕೊಂಡು ತಂದು ಸಿಕ್ಕಿಸಿದ. ಅದಕ್ಕೆ ತಕ್ಕ ಡ್ರೈವರ್ ತಂತ್ರಾಂಶ ಹುಡುಕಿ, ಕಪ್ಪು ಕಿಟಕಿಯೊಳಗೆ ಆಜ್ಞೆಗಳ ಬಾಣ ಬಿಟ್ಟು ಬಿಟ್ಟು ಕಡೆಗೂ ಕಡ್ಡಿಯನ್ನು ಮಣಿಸಿದ.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಹನುಮಂತ ಠರಾವು ಹೊರಡಿಸಿದ: ಭಾನುವಾರ ಎಲ್ಲರೆದುರು ವೈಫೈ ಹತ್ತಬೇಕು, ಇಲ್ಲದಿದ್ದರೆ ಎಲ್ಲಾ ಕಂಪ್ಯೂಟರಿಗೂ ವಿಂಡೋಸ್.

"ಹತ್ತಲಿಲ್ಲಂದ್ರ ನನ್ನ ಕೈಯಾರೆ ಲಿನಕ್ಸ್ ಅಳಸ್ತೀನಿ," ಎಂದು ಬಾಲಕೃಷ್ಣ ಮೀಸೆ ತಿರುವಿದ.

ಭಾನುವಾರ ಬಂತು. ಚಹಾ ಬಂತು, ಖಮಣ್ ತಿಂಡಿ ಬಂತು, ಬಾಲಕೃಷ್ಣ ಸೋಲುವುದನ್ನು ನೋಡಲು ಇಡೀ ಸಂಘ ಬಂತು. ಪ್ರೊಜೆಕ್ಟರ್ ಅವನ ಪರದೆಯನ್ನು ಗೋಡೆಯಗಲ ಹರಡಿತು. ಅವನು ವೈಫೈ ಗುರುತು ಒತ್ತಿದೊಡನೆ ಸುತ್ತಲಿನ ವೈಫೈಗಳ ಹೆಸರೆಲ್ಲ ಸಾಲಾಗಿ ಬಂದು ನಿಂತವು. ಸಂಘದ್ದನ್ನು ಆರಿಸಿದ. ಪಾಸ್‌ವರ್ಡ್ ಕೇಳಿತು.

"ಈಗಷ್ಟ ಬದಲಿಸೇನಿ," ಎಂದು ಹನುಮಂತ ಬಾಗಿ ಅವನ ಕಿವಿಯಲ್ಲಿ ಉಸುರಿದ: "ಬಾಲು ಸೋಲ್ತಾನೆ. ಇಂಗ್ಲಿಷ್ ಸಣ್ಣಕ್ಷರ. ನಡುವ ಜಾಗ ಬಿಡಬ್ಯಾಡ."

ಬಾಲಕೃಷ್ಣನ ಕಿವಿ ಕಾದ ಹೆಂಚಾಯಿತು. ಕೂಗಾಡಿದರೆ ತನ್ನ ಸೋಲನ್ನು ತಾನೇ ಸಾರಿದಂತೆ. ಪಾಸ್‌ವರ್ಡಿನ ಪಕ್ಕದಲ್ಲೊಂದು ಕಣ್ಣಿನ ಗುರುತಿತ್ತು; ಒತ್ತಿದರೆ ಚುಕ್ಕೆಗಳು ಸರಿದು ಅಕ್ಷರ ಕಾಣುತ್ತವೆ, ಅದೂ ಗೋಡೆಯಗಲ. ಅವನು ಆ ಕಣ್ಣಿನಿಂದ ದೂರವೇ ಉಳಿದು ಹಲ್ಲು ಕಚ್ಚಿ ಟೈಪು ಮಾಡಿದ. ಚುಕ್ಕೆ, ಚುಕ್ಕೆ, ಚುಕ್ಕೆ. 'ಸಂಪರ್ಕ ವಿಫಲ' ಎಂದಿತು ಗೋಡೆ.

ಮತ್ತೆ ಒತ್ತಿದ. ಮತ್ತೆ ವಿಫಲ. ಕೀಲಿಗಳನ್ನು ಗುದ್ದಿದ. ಗೋಡೆ ಕರಗಲಿಲ್ಲ.

"ಮನ್ಯಾಗ ಮಿಕ್ಸರ್ ರಿಪೇರಿ ಮಾಡಿದಾಗನೂ ಹಿಂಗ ಆಗಿತ್ತು," ಎಂದಳು ಹಿಂದಿನ ಸಾಲಿನಿಂದ ವೈದೇಹಿ, ಎಲ್ಲರಿಗೂ ಕೇಳುವಂತೆ. "ಈಗ ಅದರಾಗ ಪೆನ್ ಇಡ್ತೀವಿ."

ಸಭೆ ಖಮಣ್ ಉದುರಿಸಿಕೊಂಡು ನಕ್ಕಿತು. ಬಾಲಕೃಷ್ಣ ಎದ್ದು ನಿಂತ.

"ಸುಳ್ಳು ಪಾಸ್‌ವರ್ಡ್ ಕೊಟ್ಟೀಯಲೇ ಹಣಮ್ಯಾ!"

"ನಿನಗ ಬರಿಯಾಕ ಬರೂದಿಲ್ಲಲೇ ಬಾಲ್ಯಾ! ಏನ್ ಬರದೀ ತೋರಸು. ಒತ್ತು ಆ ಕಣ್ಣ! ಧೈರ್ಯ ಐತೇನು?"

ಒತ್ತಲಾರನೆಂಬ ಭರವಸೆ ಹನುಮಂತನಿಗೆ. ಆದರೆ ಧೈರ್ಯದ ಮಾತೆತ್ತಿದ ಮೇಲೆ ಬಾಲಕೃಷ್ಣನ ಬೆರಳು ಬಾಲಕೃಷ್ಣನ ಮಾತನ್ನೂ ಕೇಳುವುದಿಲ್ಲ. ಒತ್ತಿಯೇಬಿಟ್ಟ.

ಚುಕ್ಕೆಗಳು ಸರಿದವು. ಗೋಡೆಯ ಮೇಲೆ, ಆಳುದ್ದದ ಅಚ್ಚಗನ್ನಡದಲ್ಲಿ, 'ಬಾಲುಸೋಲತಾನೇ' ಎಂದು ಮೂಡಿತು.

ಕೀಲಿಮಣೆ ಇನ್ನೂ ಕನ್ನಡದಲ್ಲೇ ಇತ್ತು! ಅವನು ಇಂಗ್ಲಿಷಿನಲ್ಲಿ ಒತ್ತಿದ್ದನ್ನೆಲ್ಲ ಅದು ನಿಷ್ಠೆಯಿಂದ ಕನ್ನಡಕ್ಕೆ ತಿರುಗಿಸುತ್ತಿತ್ತು. ವೈಫೈಗೆ ಆ ಭಾಷೆ ಬರುತ್ತಿರಲಿಲ್ಲ. ಸಭೆಗೆ ಬರುತ್ತಿತ್ತು.

ಅದರಲ್ಲೂ ಹನುಮಂತನ ಹೆಂಡತಿ ನಳಿನಿಗೆ. ಕಾಲೊನಿಯ ಮಕ್ಕಳಿಗೆ ಕನ್ನಡ ಕಲಿಸುವ ಆಕೆ ಕಣ್ಣಿಗೆ ಬಿದ್ದ ಕನ್ನಡವನ್ನೆಲ್ಲ ಗಟ್ಟಿಯಾಗಿ ಓದದೆ ಬಿಡುವವಳಲ್ಲ.

"ಬಾಲು ಸೋಲತಾನೇ," ಎಂದು ಓದಿದಳು. "ಇದೇನಿದು? ಲಕಾರಕ್ಕ ತ ಒತ್ತು ಬಿಟ್ಟೈತಿ."

"ಒತ್ತು ಬಿಟ್ಟಿದ್ದು ನನ್ನ ಮಷೀನ್ ರೀ, ನಳಿನಿ ಅಕ್ಕಾರ," ಎಂದ ಬಾಲಕೃಷ್ಣ, ಹೋದ ಪ್ರಾಣ ಇಮ್ಮಡಿಯಾಗಿ ಮರಳಿದವನಂತೆ. "ಉಳಿದದ್ದೆಲ್ಲಾ ನಿಮ್ಮ ಯಜಮಾನರ ಕವಿತ್ವ. ಸಂಘದ ಪಾಸ್‌ವರ್ಡ್ ಇದು!"

ಸಭೆಯ ಮುಖವೆಲ್ಲ ಒಟ್ಟಿಗೆ ಹನುಮಂತನ ಕಡೆ ತಿರುಗಿತು. ಬಾಲಕೃಷ್ಣ ಕೂತ. ಕೀಲಿಮಣೆಯನ್ನು ಇಂಗ್ಲಿಷಿಗೆ ಹೊರಳಿಸಿದ. ತನ್ನ ಸೋಲನ್ನು ತಾನೇ ಬರೆಯದೆ ಗೆಲುವಿಲ್ಲ. ಬರೆದ, ಒಂದೊಂದು ಅಕ್ಷರಕ್ಕೂ ನಗಾರಿ ಬಾರಿಸಿದಂತೆ. ಪರದೆಯ ಮೂಲೆಯಲ್ಲಿ ವೈಫೈ ಗುರುತು ನವಿಲಿನಂತೆ ಗರಿ ಬಿಚ್ಚಿತು.

"ಹತ್ತಿತು!" ಎಂದಳು ವೈದೇಹಿ. ಆ ದನಿಯಲ್ಲಿ ಕೊಂಚ ನಿರಾಸೆಯಿತ್ತು.

"ಚ್ಯಾಷ್ಟಿ ಮಾಡಿದ್ದೆ," ಎಂದ ಹನುಮಂತ ಬೆವರು ಒರೆಸುತ್ತ. "ಈಗ ಬದಲಿಸಿಬಿಡ್ತೀನಿ. ಲಿನಕ್ಸ್ ಇರಲಿ, ಆತಲ್ಲ?"

"ತಡೀರಿ," ಎಂದಳು ನಳಿನಿ. "ನಮ್ಮನಿ ವೈಫೈ ಪಾಸ್‌ವರ್ಡ್ ಏನ್ರೀ? ಯಾವಾಗ ಕೇಳಿದ್ರೂ, ಫೋನ್ ಕೊಡು ನಾನ ಹಾಕ್ತೀನಿ, ಅಂತೀರಿ. ಅದರಾಗ ಯಾರ ಹೆಸರೈತಿ?"

ಹನುಮಂತ ಗೋಡೆ ನೋಡಿದ. ಬಾಗಿಲು ನೋಡಿದ. ಬಾಗಿಲಲ್ಲಿ ಚಹಾದ ಕಿಟ್ಲಿ ಹಿಡಿದು ನಿಂತವನು ದಾರಿ ಬಿಡುವಂತೆ ಕಾಣಲಿಲ್ಲ.

ಬಾಲಕೃಷ್ಣ ಪಾಸ್‌ವರ್ಡಿನ ಚೌಕವನ್ನು ಮತ್ತೆ ತೆರೆದ. ಕೀಲಿಮಣೆಯನ್ನು ಕನ್ನಡಕ್ಕೆ ಹೊರಳಿಸಿ, ಎರಡೂ ಕೈಯಲ್ಲಿ ತಾಂಬೂಲ ಕೊಡುವವನಂತೆ ವೈರಿಯ ಮುಂದೆ ಸರಿಸಿದ.

"ತಗೋಪಾ ಹಣಮಂತಾ, ಬರಿ. ಕಣ್ಣ ತೆರದ ಇಟ್ಟೀನಿ."