ಎಮ್ಮೆ ಇಲ್ಲದ ಅರ್ಜಿ

ನಮ್ಮ ಮನೆಯಲ್ಲಿ ದೇವರ ಜಗುಲಿಗಿಂತ ಒಂದು ಕೈ ಹೆಚ್ಚೇ ಮರ್ಯಾದೆ ಇದ್ದದ್ದು ಅಪ್ಪನ ಇಂಗ್ಲಿಷ್ ಟೈಪ್‌ರೈಟರಿಗೆ. ಪಡಸಾಲೆಯಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ, ಅವ್ವ ಹೊಲಿದ ಖಣದ ಬಟ್ಟೆ ಹೊದ್ದು ಅದು ಕೂತಿರುತ್ತಿತ್ತು. ಆ ಬಟ್ಟೆ ತೆಗೆಯುವ ಅಧಿಕಾರ ಅಪ್ಪನಿಗೆ ಮಾತ್ರ. ದೂಳು ಒರೆಸಲು ಹೋದ ಅವ್ವ ಕೂಡ ಬೈಸಿಕೊಂಡಿದ್ದಳು.

ಅಪ್ಪ ಅರ್ಜಿ ಬರೆದುಕೊಡುತ್ತಿದ್ದ. ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಟಿಕೋಟ, ಬಬಲೇಶ್ವರ, ತೊರವಿ ಕಡೆಯಿಂದ ಕಚೇರಿ ಕೆಲಸಕ್ಕೆ ಬಂದವರು ಮೊದಲು ನಮ್ಮ ಕಟ್ಟೆ ಹತ್ತಿ, ಒಂದು ತಂಬಿಗೆ ನೀರು ಕುಡಿದು, ತಮ್ಮ ಗೋಳು ತೋಡಿಕೊಂಡು, ಅರ್ಜಿ ಮಾಡಿಸಿಕೊಂಡು ಆಮೇಲೆ ಸಾಹೇಬರ ಕಡೆ ಹೋಗುತ್ತಿದ್ದರು. ಅಪ್ಪ ಕಣ್ಣು ಮುಚ್ಚಿ ಎಲ್ಲ ಕೇಳಿ, ಇಂಗ್ಲಿಷಿನಲ್ಲಿ ಪಟಪಟ ಟೈಪ್ ಹೊಡೆದು, ಕಾಗದ ಹೊರಗೆಳೆದು, ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದ. ಈ ಓದುವುದೇ ಅವನ ಹೆಗ್ಗಳಿಕೆ. ಸೊಸೆ ಹೇಗೆ ಎದುರಾಡಿದಳು, ಬಾವಿಯ ಹಗ್ಗ ಯಾರು ಕೊಯ್ದರು, ಒಂದೂ ಬಿಡದೆ ಬರುತ್ತಿತ್ತು. ಕೇಳಿದವರು ಸೆರಗಿನಿಂದ, ತಲೆಗೆ ಸುತ್ತಿದ ಪಟಗದ ತುದಿಯಿಂದ ಕಣ್ಣು ಒರೆಸಿಕೊಂಡು ಹೆಬ್ಬೆಟ್ಟು ಒತ್ತುತ್ತಿದ್ದರು. ಅರ್ಧ ಹಾಳೆಯಲ್ಲಿ ಇಷ್ಟೆಲ್ಲ ಹೇಗೆ ಹಿಡಿಸಿತು ಅಂತ ನನಗೆ ಸೋಜಿಗ. ಇಂಗ್ಲಿಷ್ ಅಂದರೆ ಒಂದು ಸಾಲಿನಲ್ಲಿ ಹತ್ತು ಸಾಲು ಮಡಚಿಡುವ ಭಾಷೆ ಎಂದು ತಿಳಿದುಕೊಂಡಿದ್ದೆ.

ಆ ಭಾಷೆಯೇ ನನ್ನ ಕುತ್ತಿಗೆ ಹಿಡಿಯಿತು. ಎಸ್ಸೆಸ್ಸೆಲ್ಸಿಯಲ್ಲಿ ಉಳಿದೆಲ್ಲ ಪಾಸಾಗಿ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದೆ. ಮತ್ತೆ ಕಟ್ಟಿದೆ, ಮತ್ತೆ ಡುಮ್ಕಿ. ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದೆ. ಒಂದು ದಿನ ಟೈಪ್ ಕಲಿಸು ಅಂತ ಕೇಳಿದಾಗ ಮಾತ್ರ ತಣ್ಣಗೆ, "ಇಂಗ್ಲಿಷ್ ಬರಲಾರದವ್ರು ಮುಟ್ಟಿದ್ರ ಮಷಿನ್ ಕೆಡತೈತಿ" ಅಂದ. ಅಲ್ಲಿಗೆ ನನ್ನ ಮುಂದಿನ ಹಾದಿ ಒಂದೇ ಉಳಿಯಿತು: ಗಂಡು ಸಿಗುವ ತನಕ ರೊಟ್ಟಿ ಬಡಿಯುವುದು. ನನ್ನ ರೊಟ್ಟಿಗಳು ಆ ದಿನಗಳಲ್ಲಿ ಬಹಳ ತೆಳ್ಳಗಾಗುತ್ತಿದ್ದವು, ಅಷ್ಟು ಸಿಟ್ಟಿನಿಂದ ಬಡಿಯುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಸೊಲ್ಲಾಪುರ ರಸ್ತೆಯಲ್ಲಿ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ ಮಿಸ್ತ್ರಿ ಚಾಚಾ ಒಂದು ದಿನ ಸೈಕಲ್ಲಿನ ಕ್ಯಾರಿಯರಿಗೆ ಗೋಣಿಚೀಲ ಸುತ್ತಿದ ಗಂಟು ಕಟ್ಟಿಕೊಂಡು ಬಂದರು. ಬಿಚ್ಚಿದರೆ ಕನ್ನಡ ಟೈಪ್‌ರೈಟರ್.

"ಇನ್ನ ಕಚೇರ್ಯಾಗ ಎಲ್ಲಾ ಕನ್ನಡದಾಗ ಆಗೂದೈತ್ರಿ" ಅಂದರು ಚಾಚಾ. "ಒಂದು ತಿಂಗಳ ಹೊಡದು ನೋಡ್ರಿ. ಮನಸಿಗಿ ಬಂದ್ರ ಇದನ್ನ ಇಟಗೊಂಡು ಇಂಗ್ಲಿಷ್ ಮಷಿನ್ ನನಗ ಕೊಡ್ರಿ. ಇಲ್ಲಾಂದ್ರ ಇದನ್ನ ಹೊಳ್ಳಿ ಒಯ್ತೀನಿ."

ಅಪ್ಪನ ಪಾಡು ನೋಡಬೇಕಿತ್ತು. ಕಣ್ಣು ಮುಚ್ಚಿ ಟೈಪ್ ಹೊಡೆಯುತ್ತಿದ್ದವನು ಈಗ ಕನ್ನಡಕ ಏರಿಸಿಕೊಂಡು, ಮೊರದ ಜೋಳದಲ್ಲಿ ಹರಳು ಆರಿಸಿದ ಹಾಗೆ ಒಂದೊಂದೇ ಅಕ್ಷರ ಹುಡುಕುತ್ತಿದ್ದ. ಕೆಲವು ಕೀಲಿ ಒತ್ತಿದರೆ ಕಾಗದ ಮುಂದೆ ಸರಿಯುತ್ತದೆ, ಕೆಲವು ಒತ್ತಿದರೆ ಸರಿಯುವುದಿಲ್ಲ. ಹಳೆಯ ಅಭ್ಯಾಸದ ಬೆರಳುಗಳು ಇಂಗ್ಲಿಷಿನ ಜಾಗಕ್ಕೇ ಓಡಿಹೋಗಿ, ಕನ್ನಡದಲ್ಲಿ ಯಾರೂ ಆಡದ ಮಾತುಗಳು ಮೂಡುತ್ತಿದ್ದವು. ಅದರ ಮೇಲೆ ಬಂದ ಹಳ್ಳಿಯವರ ತಕರಾರು ಬೇರೆ. "ಇಂಗ್ಲಿಷಿನ್ಯಾಗ ಇದ್ರ ಸಾಹೇಬ್ರು ಅಂಜ್ತಾರ್ರಿ. ಕನ್ನಡಕ್ಕ ಯಾರು ಕಿಮ್ಮತ್ ಕೊಡ್ತಾರ?" ಅನ್ನುತ್ತಿದ್ದರು.

ಕನ್ನಡ ಮಷಿನ್ ಮುಟ್ಟಬೇಡ ಅಂತ ನನಗೆ ಯಾರೂ ಹೇಳಿರಲಿಲ್ಲ. ಅಪ್ಪ ಕಚೇರಿ ಕಡೆ ಹೋದ ಕೂಡಲೇ ನಾನು ಕೂತುಬಿಡುತ್ತಿದ್ದೆ. ಹಳೆಯ ಪೇಪರಿನ ಸುದ್ದಿಗಳನ್ನೆಲ್ಲ ಹೊಡೆದೆ, ಪಂಚಾಂಗ ಹೊಡೆದೆ, ಅವ್ವ ಹಾಡುವ ಬೀಸುಕಲ್ಲಿನ ಪದ ಹೊಡೆದೆ. ನನ್ನ ಬೆರಳುಗಳಿಗೆ ಮರೆಯಬೇಕಾದದ್ದು ಏನೂ ಇರಲಿಲ್ಲ, ಅದೇ ನನ್ನ ಪುಣ್ಯ. ಎರಡು ವಾರದಲ್ಲಿ ಅಪ್ಪನನ್ನು ಹಿಂದೆ ಹಾಕಿದೆ. ಅವನಿಗೆ ಗೊತ್ತಾಗದೆ ಇರಲಿಲ್ಲ. ಒಂದು ಮಧ್ಯಾಹ್ನ ಅಡಿಗೆಮನೆಯ ಕಡೆ ತಿರುಗಿ, "ಇಲ್ಲಿ ಬಾ, ಈ ಅಕ್ಷರ ಎಲ್ಲಿ ಕುಂತೈತಿ ತೋರಸು" ಅಂದ. ಹಿಟ್ಟಿನ ಕೈಯಲ್ಲೇ ಓಡಿದೆ. ಹೊಟ್ಟೆ ತುಂಬ ಸಂತೋಷವಾಗಿತ್ತು. ಜೊತೆಗೆ ತಿಂಗಳು ಮುಗಿದು ಇದು ಹೊಳ್ಳಿ ಹೋದರೆ ನಾನೂ ಹೊಳ್ಳಿ ರೊಟ್ಟಿ ಹಂಚಿನ ಮುಂದೆ ಅನ್ನುವ ಹೆದರಿಕೆ.

ಆಗ ಬಂದಳು ಟಿಕೋಟದ ಮುದುಕಿ. ನಾವೆಲ್ಲ ಅವಳನ್ನು ಆಯಿ ಅನ್ನುತ್ತಿದ್ದೆವು. ಅವಳ ದನದ ಕೊಟ್ಟಿಗೆಗೆ ಹೋಗುವ ಹಾದಿಗೆ ಗಂಡನ ದಾಯಾದಿಗಳ ಪೈಕಿ ಒಬ್ಬ ಮುಳ್ಳುಬೇಲಿ ಹಾಕಿದ್ದ. ಎಮ್ಮೆ ಹಳ್ಳದ ಕಡೆಯಿಂದ ಸುತ್ತಿ ಬರುವಾಗ ಜಾರಿ ಬಿದ್ದು ಒಂದು ಕೋಡು ಮುರಿದುಕೊಂಡಿತ್ತು. ಇಂಗ್ಲಿಷಿನಲ್ಲಿ ಎರಡು ಅರ್ಜಿ ಕೊಟ್ಟಾಗಿತ್ತು, ಬೇಲಿ ಹಾಗೇ ಇತ್ತು. ಮೂರನೆಯದನ್ನು ಅಪ್ಪ ಕನ್ನಡದಲ್ಲಿ ಹೊಡೆದು ಎಂದಿನಂತೆ ಓದಿ ಹೇಳಿದ. ಆಯಿ ಎಂದಿನಂತೆ ಅತ್ತು, ಹೆಬ್ಬೆಟ್ಟು ಒತ್ತಿ, ಹರಸಿ ಹೋದಳು.

ಒಂದು ತಾಸಿನಲ್ಲಿ ಹೊಳ್ಳಿ ಬಂದಳು. ಜೊತೆಗೆ ಕೊಡೆ ಹಿಡಿದ ಒಬ್ಬ ಸಾಲಿ ಮಾಸ್ತರರು. ಸಾಹೇಬರು ಊರಲ್ಲಿರಲಿಲ್ಲವಂತೆ. ಬಸ್ ಸ್ಟ್ಯಾಂಡಿನಲ್ಲಿ ಬೇಸರ ಕಳೆಯಲು ಅರ್ಜಿಯನ್ನು ಇನ್ನೊಮ್ಮೆ ಕೇಳೋಣ ಅನಿಸಿ, ಬಬಲೇಶ್ವರದ ಬಸ್ಸಿಗೆ ಕಾಯುತ್ತಿದ್ದ ಇವರ ಕೈಗೆ ಕೊಟ್ಟಿದ್ದಾಳೆ. ಈಗ ಸಾಕ್ಷಿಗೆಂದು ಅವರನ್ನೇ ಎಳೆದುಕೊಂಡು ಬಂದಿದ್ದಳು. ಪಾಪ, ಅವರ ಬಸ್ಸು ಹೋಗಿಬಿಟ್ಟಿತ್ತು.

"ನಾ ಎಲಿ-ಅಡಿಕಿ ಮಡಚಿ ಬಾಯಾಗ ಇಡೂದ್ರಾಗ ಓದಿ ಮುಗಿಸಿದ್ರು ಇವರು" ಅಂದಳು ಆಯಿ. "ಇದರಾಗ ನನ್ನ ಎಮ್ಮಿ ಎಲ್ಲೈತಿ, ಯಪ್ಪಾ?"

"ಅದೆಲ್ಲ ಬರಿಯೂ ಹಂಗಿಲ್ಲ, ಆಯಿ. ಕಾಯ್ದೇಶೀರ ಅರ್ಜಿ ಹಿಂಗ ಇರ್ತೈತಿ."

"ಮತ್ತ ನೀ ಓದೂ ಮುಂದ ಎಮ್ಮಿ ಇತ್ತಲ್ಲ? ಕೋಡ ಮುರದದ್ದೂ ಇತ್ತು. ನೀ ಓದೀದಿ, ನಾ ಅತ್ತೀನಿ." ಅವಳು ಸ್ವಲ್ಪ ತಡೆದು ಕೇಳಿದಳು: "ಹಿಂದಿನ ಎರಡರಾಗರ ಇತ್ತೋ ಇಲ್ಲೋ?"

ಅಪ್ಪ ಮಷಿನ್ನಿನ ಕಾಗದ ಸರಿಮಾಡತೊಡಗಿದ. ಮಾಸ್ತರರು ಕೊಡೆಯ ಹಿಡಿಕೆ ನೋಡುತ್ತ ನಿಂತರು. ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ಅರ್ಧ ಹಾಳೆಯಲ್ಲಿ ಅರ್ಧ ಹಾಳೆಯಷ್ಟೇ ಇರುತ್ತಿತ್ತು. ಉಳಿದದ್ದೆಲ್ಲ ಅಪ್ಪನ ಬಾಯಿಂದ ಬರುತ್ತಿತ್ತು. ಆ ಒಣ ಸಾಲುಗಳನ್ನೇ ಅಪ್ಪ ಹೊಸ ಮಷಿನ್ನಿನಲ್ಲಿ ಕನ್ನಡ ಮಾಡಿ ಇಳಿಸಿದ್ದ, ಓದಬಲ್ಲವರು ಊರ ತುಂಬ ಇದ್ದಾರೆ ಅನ್ನುವುದನ್ನು ಮರೆತು.

"ಈ ಮಷಿನ್ನೇ ಸರಿ ಇಲ್ಲ" ಅಂದ ಅಪ್ಪ ಕಡೆಗೆ. "ನಾಳೆ ಮಿಸ್ತ್ರಿಗಿ ಹೊಳ್ಳಿ ಕೊಡತೀನಿ. ಇಂಗ್ಲಿಷಿನ್ಯಾಗ ಬರದ ಕೊಡತೀನಿ, ಆಯಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಅಪ್ಪನನ್ನು ದಾಟಿ ಹೋಗಿ ಅವನ ಕುರ್ಚಿಯಲ್ಲೇ ಕೂತೆ. ಬಾಗಿಲಲ್ಲಿದ್ದ ಅವ್ವ ಬಾಯಿಗೆ ಸೆರಗು ಹಿಡಿದಳು.

"ಆಯಿ, ಇಲ್ಲಿ ಕೂಡ್ರಿ" ಅಂದೆ. "ಎಮ್ಮಿಯಿಂದ ಶುರು ಮಾಡ್ರಿ. ಸಾವಕಾಶ ಹೇಳ್ರಿ."

ಅವಳು ಹೇಳಿದಳು, ನಾನು ಹೊಡೆದೆ. ಎಮ್ಮೆ ತವರಿನಿಂದ ಬಂದದ್ದು, ಅದರ ತಾಯಿಯ ಗುಣ, ಬೇಲಿ ಹಾಕಿದವನ ಮದುವೆಯಲ್ಲಿ ಇದೇ ಎಮ್ಮೆಯ ತುಪ್ಪ ಬಡಿಸಿದ್ದು, ಹಳ್ಳದ ಕೆಸರು, ಕೋಡು. ಮೂರು ಹಾಳೆ ತುಂಬಿತು. ಅವ್ವ ಎರಡು ಸಲ ಚಹಾ ಮಾಡಿದಳು. ಮಾಸ್ತರರು ಇನ್ನೊಂದು ಬಸ್ಸನ್ನೂ ಬಿಟ್ಟರು, ಈ ಸಲ ತಾವಾಗಿಯೇ. ಮುಗಿದ ಮೇಲೆ ಅವರೇ ಎದ್ದು ನಿಂತು, ಪಾಠ ಓದುವ ದನಿಯಲ್ಲಿ ಓದಿದರು. ಆಯಿ ಒಂದೊಂದು ಮಾತಿಗೂ ತಲೆ ಆಡಿಸುತ್ತ ಕೇಳಿ, "ಇದು ನನ್ನ ಅರ್ಜಿ ನೋಡ್ರಿ" ಅಂದಳು. ನಾನು ಕುರ್ಚಿಯಲ್ಲಿ ಒಂದು ಗೇಣು ಎತ್ತರವಾದೆ.

ಅಪ್ಪ ಮೂರೂ ಹಾಳೆ ಇಸಿದುಕೊಂಡು ಮೊದಲಿಂದ ಕೊನೆಯವರೆಗೆ ತಾನೊಮ್ಮೆ ಓದಿದ.

"ಎಲ್ಲಾ ಐತಿ" ಅಂದ ಮೆತ್ತಗೆ. "ಇಕಿಗಿ ಏನು ಬೇಕು ಅನ್ನೂದು ಎಲ್ಲೈತಿ?"

ಮಾಸ್ತರರು ಹಾಳೆ ತಿರುವಿದರು, ನಾನು ತಿರುವಿದೆ. ಎಮ್ಮೆಯ ಅಜ್ಜಿಯ ತನಕ ಎಲ್ಲ ಇತ್ತು, ಹಾದಿ ಬಿಡಿಸಿ ಕೊಡಿ ಅನ್ನುವ ಮಾತು ಮಾತ್ರ ಇರಲಿಲ್ಲ. ಮೊದಲು ನಕ್ಕವಳು ಆಯಿ. ಆಮೇಲೆ ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಅಪ್ಪ ನನ್ನ ಬೆನ್ನ ಹಿಂದೆ ನಿಂತು ಎರಡು ಸಾಲು ಹೇಳಿದ, ನಾನು ಹೊಡೆದೆ. ಬೇಲಿ ಎಲ್ಲಿಂದ ಎಲ್ಲಿಯವರೆಗೆ, ಯಾರ ಜಾಗ, ಏನು ಮಾಡಬೇಕು, ಎಲ್ಲ ಆ ಎರಡೇ ಸಾಲಿನಲ್ಲಿ ಬಂತು. ಅಂಥ ಸಾಲು ನನಗೆ ಬರೆಯಲು ಬರುತ್ತಿರಲಿಲ್ಲ, ಒಪ್ಪಿಕೊಳ್ಳಬೇಕು. ಮುಂದೆ ಆ ಬೇಲಿ ತೆಗೆಸಿದರು. ಎಮ್ಮೆಯ ಕಥೆಗೋ ಅಪ್ಪನ ಎರಡು ಸಾಲಿಗೋ, ಗೊತ್ತಿಲ್ಲ.

ಮರುದಿನ ಅಪ್ಪ ಸೊಲ್ಲಾಪುರ ರಸ್ತೆಯ ಕಡೆ ಹೋಗಲಿಲ್ಲ. ತಿಂಗಳು ತುಂಬುವವರೆಗೆ ನಾನು ಮುಳ್ಳಿನ ಮೇಲೆ ಕೂತ ಹಾಗಿದ್ದೆ. ಚಾಚಾ ಬಂದು, "ಯಾವ್ದು ಒಯ್ಯಲ್ರಿ?" ಅಂತ ಕೇಳಿದಾಗ ಅಪ್ಪ ಇಂಗ್ಲಿಷ್ ಮಷಿನ್ನನ್ನು ತಾನೇ ಎತ್ತಿ ಸೈಕಲ್ಲಿನ ಮೇಲಿಟ್ಟು, ಹಗ್ಗ ಬಿಗಿದು ಕಟ್ಟಿಕೊಟ್ಟ. ಒಳಗೆ ಬಂದವನು ಕುರ್ಚಿಯ ಕಡೆ ಕೈ ತೋರಿಸಿ, "ನಾಳಿಂದ ನೀ ಕೂಡು" ಅಂದ.

ಬೇಕಾದದ್ದು ಕೈಗೆ ಬಂದಾಗ ನನಗೆ ಧೈರ್ಯ ಹೋಯಿತು. "ಯಾರರ ಇಂಗ್ಲಿಷಿನ್ಯಾಗ ಬೇಕಂದ್ರ ಏನ ಮಾಡ್ಲಿ, ಅಪ್ಪಾ? ನನಗ ಅದು ಬರೂದಿಲ್ಲಲ್ಲ."

ಅಪ್ಪ ಅಡಿಗೆಮನೆಯ ಕಡೆ ಒಮ್ಮೆ ನೋಡಿ, ಅವ್ವ ಅಲ್ಲಿಲ್ಲ ಅಂತ ಖಾತ್ರಿ ಮಾಡಿಕೊಂಡ.

"ನನಗರ ಎಲ್ಲಿ ಬರತೈತಿ, ಯವ್ವಾ?" ಅಂದ. "ಅರ್ಜಿಗಿ ಬೇಕಾಗೂ ಹನ್ನೊಂದು ಸಾಲು ಬರತಾವ. ಸಣ್ಣಾವಿದ್ದಾಗ ಕಚೇರ್ಯಾಗಿನ ಒಬ್ಬ ಕಾರಕೂನರು ಬಾಯಿಪಾಠ ಮಾಡಿಸಿದ್ದು. ಅದರಾಗ ಎಮ್ಮಿ ಇದ್ದಿಲ್ಲ, ಬಾವಿ ಇದ್ದಿಲ್ಲ. ಅಷ್ಟು ದೂರದಿಂದ ಬಂದವ್ರಿಗಿ ಬರೇ ಹನ್ನೊಂದು ಸಾಲು ಕೊಟ್ಟು ಹೆಂಗ ಕಳಸೂದು? ಅದಕ್ಕ ಉಳಿದದ್ದು ಬಾಯಿಲೆ ಓದತಿದ್ದೆ."

ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದೆನೆಂದು ಎರಡು ವರ್ಷ ಅವನೆದುರು ತಲೆ ಎತ್ತದೆ ಓಡಾಡಿದವಳು ನಾನು. ಮೊದಲು ನಗು ಬಂತು, ನಡುವೆಯೇ ಅಳುವೂ ಬಂತು, ಅವನ ಮೇಲೆ ಅಷ್ಟು ಅಕ್ಕರೆ ನನಗೆ ಎಂದೂ ಬಂದಿರಲಿಲ್ಲ. ಆ ವರ್ಷ ನಾನು ಮೂರನೇ ಸಲ ಪರೀಕ್ಷೆಗೆ ಕಟ್ಟಲಿಲ್ಲ, ಕಟ್ಟು ಅಂತ ಅಪ್ಪನೂ ಅನ್ನಲಿಲ್ಲ.